ಗದ್ದಲದ ನಡುವೆ ಗುರಿಯ ಜಾಡು: ಏನಿದು ಅರೇಖೀಯ ಫಿಲ್ಟರಿಂಗ್?

ರೇಡಾರ್ ಪರದೆಯ ಮೇಲೆ ಮಿನುಗುವ ಚುಕ್ಕೆಯೇ ವಿಮಾನವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಅದು ವಿಮಾನಕ್ಕೆ ಬಡಿದು ಮರಳಿದ ರೇಡಿಯೋ ಅಲೆಯನ್ನು ಆಧರಿಸಿದ ಒಂದು ಅಂದಾಜು ಮಾತ್ರ. ಮಳೆ, ಹಕ್ಕಿಗಳ ಹಿಂಡು, ಬೆಟ್ಟದ ತುದಿ, ಸಮುದ್ರದ ಅಲೆ, ಉಪಕರಣದೊಳಗಿನ ವಿದ್ಯುತ್ತಿನ ಏರಿಳಿತ ಇವೆಲ್ಲವೂ ಆ ಅಂದಾಜಿನೊಳಗೆ ಬೆರೆತಿರುತ್ತವೆ. ಈ ಬೆರಕೆಯನ್ನು ತಂತ್ರಜ್ಞರು 'ನಾಯ್ಸ್', ಅಂದರೆ ಗದ್ದಲ ಎಂದು ಕರೆಯುತ್ತಾರೆ. ಗದ್ದಲದಿಂದ ತುಂಬಿದ ಅಳತೆಗಳ ಸರಣಿಯಿಂದ ಚಲಿಸುವ ವಸ್ತುವಿನ ನಿಜವಾದ ಸ್ಥಾನ, ವೇಗ ಮತ್ತು ದಿಕ್ಕನ್ನು ಕ್ಷಣಕ್ಷಣಕ್ಕೂ ಅಂದಾಜಿಸುವ ಗಣಿತವೇ ಫಿಲ್ಟರಿಂಗ್. ಮೊರದಲ್ಲಿ ಕೇರಿ ಕಾಳಿನಿಂದ ಜೊಳ್ಳನ್ನು ಬೇರ್ಪಡಿಸುವ ಕೆಲಸಕ್ಕೆ ಇದನ್ನು ಹೋಲಿಸಬಹುದು. ವ್ಯತ್ಯಾಸವೆಂದರೆ, ಇಲ್ಲಿ ಯಾವುದು ಕಾಳು, ಯಾವುದು ಜೊಳ್ಳು ಎಂಬುದು ಯಾವ ಕ್ಷಣದಲ್ಲೂ ಪೂರ್ಣವಾಗಿ ತಿಳಿಯುವುದಿಲ್ಲ.

ವಸ್ತುವಿನ ಚಲನೆ ಹಾಗೂ ಉಪಕರಣದ ಅಳತೆಗಳ ನಡುವಿನ ಸಂಬಂಧ ಸರಳ ಅನುಪಾತದಲ್ಲಿದ್ದರೆ ಅದು ರೇಖೀಯ ಸಮಸ್ಯೆ. ಕೋನ, ತಿರುವು, ವೃತ್ತ, ಗುರುತ್ವ, ಗಾಳಿಯ ಪ್ರತಿರೋಧ ಮುಂತಾದವು ಸೇರಿಕೊಂಡು ಆ ಅನುಪಾತ ಮುರಿದರೆ ಅದು ಅರೇಖೀಯ ಸಮಸ್ಯೆ. ನಿಜಜೀವನದ ಬಹುತೇಕ ಸಮಸ್ಯೆಗಳು ಎರಡನೆಯ ಗುಂಪಿಗೆ ಸೇರುತ್ತವೆ.

ಇಂಥ ಫಿಲ್ಟರ್ ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ಗುರಿ ಎಲ್ಲಿದೆ ಎಂಬುದು ಮೊದಲನೆಯದು. ಆ ಉತ್ತರ ಎಷ್ಟು ತಪ್ಪಾಗಿರಬಹುದು ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಗೆ ಸುಳ್ಳು ಉತ್ತರ ಕೊಡುವ ಫಿಲ್ಟರ್ ಮೊದಲನೆಯದರಲ್ಲೂ ಬಹುಕಾಲ ಸರಿಯಾಗಿ ಉಳಿಯಲಾರದು. ಅರೇಖೀಯ ಫಿಲ್ಟರಿಂಗ್ ಸಂಶೋಧನೆಯ ಆರು ದಶಕಗಳ ಇತಿಹಾಸವನ್ನು ಈ ಒಂದು ಸಂಗತಿಯ ಸುತ್ತ ಹೇಳಬಹುದು.

ಕಳೆದುಹೋದ ಸಿರೀಸ್

ಸಮಸ್ಯೆ ರೇಡಾರಿಗಿಂತ ಹಳೆಯದು. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಜುಸೆಪ್ಪೆ ಪಿಯಾಟ್ಸಿ ಪಲೆರ್ಮೋದಲ್ಲಿ ಸಿರೀಸ್ ಎಂಬ ಸಣ್ಣ ಆಕಾಶಕಾಯವನ್ನು ಕಂಡರು. ಸುಮಾರು ಆರು ವಾರಗಳ ಬಳಿಕ ಅದು ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಮತ್ತೆ ಅದನ್ನು ಎಲ್ಲಿ ಹುಡುಕಬೇಕೆಂಬುದು ಯಾರಿಗೂ ತಿಳಿಯದಾಯಿತು. ಆಗ 24 ವರ್ಷದವರಾಗಿದ್ದ ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಗಾಸ್ ಆ ಕೆಲವೇ ವೀಕ್ಷಣೆಗಳಿಂದ ಅದರ ಕಕ್ಷೆಯನ್ನು ಲೆಕ್ಕ ಹಾಕಿದರು. ಅದೇ ವರ್ಷದ ಡಿಸೆಂಬರ್ 31ರಂದು, ಅವರು ಸೂಚಿಸಿದ್ದ ಭಾಗದಲ್ಲೇ ಸಿರೀಸ್ ಮತ್ತೆ ಪತ್ತೆಯಾಯಿತು. ಪ್ರತಿ ಅಳತೆಯಲ್ಲೂ ದೋಷವಿರುತ್ತದೆ. ಆ ದೋಷಗಳ ವರ್ಗಗಳ ಮೊತ್ತವನ್ನು ಕನಿಷ್ಠಗೊಳಿಸುವ ಉತ್ತರವೇ ಉತ್ತಮ ಎಂಬ 'ಕನಿಷ್ಠ ವರ್ಗ ವಿಧಾನ'ವನ್ನು ಗಾಸ್ 1809ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಗಾಸ್ ಅವರಿಗೆ ಲೆಕ್ಕ ಮಾಡಲು ತಿಂಗಳುಗಳ ಕಾಲಾವಕಾಶವಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಆ ಅವಕಾಶ ಸೆಕೆಂಡುಗಳಿಗೆ ಇಳಿಯಿತು. ವಿಮಾನವನ್ನು ಹೊಡೆದುರುಳಿಸಬೇಕಾದ ಫಿರಂಗಿ, ಅದು ಈಗಿರುವ ಜಾಗಕ್ಕಲ್ಲದೆ ಗುಂಡು ತಲುಪುವ ವೇಳೆಗೆ ಅದು ಇರಬಹುದಾದ ಜಾಗಕ್ಕೆ ಗುರಿಯಿಡಬೇಕು. ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ ಈ ಮುನ್ನಂದಾಜಿನ ಗಣಿತವನ್ನು 1942ರ ರಹಸ್ಯ ವರದಿಯೊಂದರಲ್ಲಿ ರೂಪಿಸಿದರು. ಹಳದಿ ಹೊದಿಕೆಯ ಆ ವರದಿ ಎಷ್ಟು ಕ್ಲಿಷ್ಟವಾಗಿತ್ತೆಂದರೆ ಎಂಜಿನಿಯರುಗಳು ಅದನ್ನು 'ಹಳದಿ ಗಂಡಾಂತರ' ಎಂದು ಹಾಸ್ಯ ಮಾಡುತ್ತಿದ್ದರು. 1949ರಲ್ಲಿ ಅದು ಪುಸ್ತಕವಾಗಿ ಬಹಿರಂಗಗೊಂಡಿತು. ರಷ್ಯಾದ ಆಂದ್ರೇ ಕೊಲ್ಮೊಗೊರೊವ್ ಸ್ವತಂತ್ರವಾಗಿ 1941ರಲ್ಲೇ ಇದೇ ದಿಕ್ಕಿನ ಫಲಿತಾಂಶಗಳನ್ನು ಪ್ರಕಟಿಸಿದ್ದರು. ಆದರೆ ವೀನರ್ ವಿಧಾನಕ್ಕೆ ಹಿಂದಿನ ದತ್ತಾಂಶವೆಲ್ಲವೂ ಬೇಕಿತ್ತು. ಗದ್ದಲದ ಸ್ವಭಾವ ಕಾಲಕ್ಕೆ ತಕ್ಕಂತೆ ಬದಲಾಗಬಾರದಿತ್ತು.

ಕಾಲ್ಮನ್ ತೋರಿದ ದಾರಿ

1960ರಲ್ಲಿ ಹಂಗೆರಿ ಮೂಲದ ರುಡಾಲ್ಫ್ ಕಾಲ್ಮನ್ ಈ ಬಂಧನವನ್ನು ಬಿಡಿಸಿದರು. ಹಿಂದಿನ ಅಳತೆಗಳನ್ನೆಲ್ಲ ಕೂಡಿಡುವ ಅಗತ್ಯವಿಲ್ಲ; ಈ ಕ್ಷಣದ ಅಂದಾಜು ಮತ್ತು ಅದರ ಅನಿಶ್ಚಿತತೆ ಇವೆರಡೇ ಸಾಕು ಎಂದು ಅವರು ತೋರಿಸಿದರು. ಚಲನೆಯ ನಿಯಮಕ್ಕೆ ಅನುಸಾರವಾಗಿ ಮೊದಲು ಮುನ್ನಂದಾಜು, ಹೊಸ ಅಳತೆ ಬಂದೊಡನೆ ತಿದ್ದುಪಡಿ. ಮತ್ತೆ ಮುನ್ನಂದಾಜು, ಮತ್ತೆ ತಿದ್ದುಪಡಿ. ಈ ಎರಡು ಹೆಜ್ಜೆಗಳ ಆವರ್ತನೆಯೇ ಕಾಲ್ಮನ್ ಫಿಲ್ಟರ್. ಸತತವಾಗಿ ಬರುವ ಅಳತೆಗಳಿಗೆ ಹೊಂದುವ ಅದರ ರೂಪವನ್ನು ಕಾಲ್ಮನ್ ಮತ್ತು ರಿಚರ್ಡ್ ಬ್ಯೂಸಿ 1961ರಲ್ಲಿ ಪ್ರಕಟಿಸಿದರು.

ಅದರ ಲೆಕ್ಕವನ್ನು ಒಂದು ಉದಾಹರಣೆಯಿಂದ ಅರಿಯಬಹುದು. ವಿಮಾನವೊಂದು ಈಗ 40 ಕಿ.ಮೀ. ದೂರದಲ್ಲಿರಬೇಕು ಎಂಬುದು ಫಿಲ್ಟರಿನ ಮುನ್ನಂದಾಜು. ಅದರ ಸಾಮಾನ್ಯ ದೋಷ 100 ಮೀಟರ್. ರೇಡಾರ್ 40.6 ಕಿ.ಮೀ. ಎನ್ನುತ್ತದೆ, ಅದರ ಸಾಮಾನ್ಯ ದೋಷ 300 ಮೀಟರ್. ದೋಷಗಳ ವರ್ಗ ಕ್ರಮವಾಗಿ 10,000 ಮತ್ತು 90,000. ಆದ್ದರಿಂದ ಫಿಲ್ಟರ್ ತನ್ನ ಮಾತಿಗೆ ಒಂಬತ್ತು ಪಾಲು, ರೇಡಾರಿನ ಮಾತಿಗೆ ಒಂದು ಪಾಲು ತೂಕ ಕೊಡುತ್ತದೆ. 600 ಮೀಟರುಗಳ ಅಂತರದಲ್ಲಿ ಹತ್ತನೇ ಒಂದು ಭಾಗ, ಅಂದರೆ 60 ಮೀಟರ್ ಮಾತ್ರ ಸರಿದು 40.06 ಕಿ.ಮೀ. ಎಂದು ನಿರ್ಧರಿಸುತ್ತದೆ. ಹೊಸ ದೋಷ ಸುಮಾರು 95 ಮೀಟರಿಗೆ ಇಳಿಯುತ್ತದೆ.

ಲೆಕ್ಕ ನಿರ್ದೋಷವಾಗಿದೆ. ಆದರೆ ಅಪಾಯವೂ ಇದರಲ್ಲೇ ಅಡಗಿದೆ. ವಿಮಾನ ಅಷ್ಟರಲ್ಲಿ ದಿಕ್ಕು ಬದಲಿಸಿದ್ದು, ನಿಜವಾಗಿಯೂ 40.6 ಕಿ.ಮೀ. ದೂರದಲ್ಲೇ ಇದ್ದರೆ? ತನ್ನ ದೋಷ ಕೇವಲ 100 ಮೀಟರ್ ಎಂಬ ಫಿಲ್ಟರಿನ ನಂಬಿಕೆ ಸುಳ್ಳಾಗಿದ್ದರೆ? ಆಗ ರೇಡಾರ್ ಹೇಳುವ ಸತ್ಯವನ್ನೇ ಅದು ಗದ್ದಲವೆಂದು ತಳ್ಳಿಹಾಕುತ್ತದೆ. ಪ್ರತಿ ಸುತ್ತಿನಲ್ಲೂ ತನ್ನ ದೋಷ ಇನ್ನಷ್ಟು ಕಡಿಮೆಯಾಯಿತೆಂದು ತಿಳಿದು, ಮುಂದಿನ ಅಳತೆಗೆ ಮತ್ತಷ್ಟು ಕಿವುಡಾಗುತ್ತದೆ. ಪರಿಣಾಮವಾಗಿ ಅಂದಾಜು ಒಂದು ಕಡೆ, ಗುರಿ ಇನ್ನೊಂದು ಕಡೆ ಸಾಗುತ್ತವೆ.

ಕಾಲ್ಮನ್ ಫಿಲ್ಟರ್ ಅತ್ಯುತ್ತಮ ಉತ್ತರ ಕೊಡುವುದು ಎರಡು ಷರತ್ತುಗಳ ಮೇಲೆ: ಸಂಬಂಧಗಳು ರೇಖೀಯವಾಗಿರಬೇಕು, ಗದ್ದಲ ಗಾಸ್ ಹೆಸರಿನ ಘಂಟೆಯಾಕಾರದ ವಕ್ರರೇಖೆಯನ್ನು ಅನುಸರಿಸಬೇಕು. ಇವು ಮುರಿದಲ್ಲಿ ಅರೇಖೀಯ ಫಿಲ್ಟರಿಂಗಿನ ಕ್ಷೇತ್ರ ಆರಂಭವಾಗುತ್ತದೆ.

ರೇಖೆ ಬಾಗಿದಾಗ

ರೇಡಾರ್ ಅಳೆಯುವುದು ದೂರ ಮತ್ತು ಕೋನವನ್ನು. ವಿಮಾನ ಸಾಗುವುದು ಉದ್ದ, ಅಗಲ, ಎತ್ತರಗಳಲ್ಲಿ. ಒಂದನ್ನು ಮತ್ತೊಂದಾಗಿ ಪರಿವರ್ತಿಸುವಾಗ ತ್ರಿಕೋನಮಿತಿ ಬರುತ್ತದೆ, ಅದರೊಂದಿಗೆ ಬಾಗುವಿಕೆಯೂ ಬರುತ್ತದೆ. 1,000 ಕಿ.ಮೀ. ದೂರದ ವಸ್ತುವಿನ ಕೋನದಲ್ಲಿ 1 ಡಿಗ್ರಿ ತಪ್ಪಾದರೆ ಅಡ್ಡಲಾಗಿ ಸುಮಾರು 17.5 ಕಿ.ಮೀ. ತಪ್ಪಾಗುತ್ತದೆ. ಅದೇ ವೇಳೆ ದೂರದ ಅಳತೆಯ ದೋಷ ಕೆಲವು ಹತ್ತು ಮೀಟರುಗಳಷ್ಟೇ ಇರಬಹುದು. ಆಗ ವಸ್ತು ಇರಬಹುದಾದ ಪ್ರದೇಶ ಬಾಳೆಹಣ್ಣಿನಂತೆ ಬಾಗಿದ ತೆಳುವಾದ ಪಟ್ಟಿಯಾಗುತ್ತದೆ. ಅದರ ತುದಿಗಳು ನೇರ ರೇಖೆಯಿಂದ ಸುಮಾರು 150 ಮೀಟರ್ ದೂರ ಸರಿದಿರುತ್ತವೆ. ಕಾಲ್ಮನ್ ಫಿಲ್ಟರಿಗೆ ಗೊತ್ತಿರುವುದು ಮೊಟ್ಟೆಯಾಕಾರ ಮಾತ್ರ. ಬಾಳೆಹಣ್ಣನ್ನು ಮೊಟ್ಟೆಯೆಂದು ತಿಳಿದು ಲೆಕ್ಕ ಹಾಕಿದರೆ ಗುರಿ ಇರಲು ಸಾಧ್ಯವಿಲ್ಲದ ಜಾಗವೂ ಲೆಕ್ಕದೊಳಗೆ ಬರುತ್ತದೆ, ಇರಬಹುದಾದ ಜಾಗ ಹೊರಗುಳಿಯುತ್ತದೆ.

ಇದಕ್ಕೆ ಕಂಡುಕೊಂಡ ಮೊದಲ ಪರಿಹಾರ, ಬಾಗಿದ ರೇಖೆಯ ಒಂದು ಚಿಕ್ಕ ತುಣುಕನ್ನು ನೇರವೆಂದೇ ಭಾವಿಸುವುದು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಏಮ್ಸ್ ಕೇಂದ್ರದಲ್ಲಿ ಚಂದ್ರಯಾನದ ಪಥನಿರ್ದೇಶನದ ಸಮಸ್ಯೆಯಲ್ಲಿ ತೊಡಗಿದ್ದ ಸ್ಟ್ಯಾನ್ಲಿ ಸ್ಮಿಟ್ 1960ರ ದಶಕದ ಆರಂಭದಲ್ಲಿ ಕಾಲ್ಮನ್ ಸೂತ್ರವನ್ನು ಈ ರೀತಿ ಹೊಂದಿಸಿದರು. ಪ್ರತಿ ಹೆಜ್ಜೆಯಲ್ಲೂ ಅಂದಿನ ಅಂದಾಜಿನ ಸುತ್ತ ಹೊಸದಾಗಿ ನೇರಗೊಳಿಸುವ ಈ ವಿಧಾನ 'ವಿಸ್ತೃತ ಕಾಲ್ಮನ್ ಫಿಲ್ಟರ್' ಎಂದು ಹೆಸರಾಯಿತು. ಇದೇ ಬಗೆಯ ಲೆಕ್ಕಾಚಾರ ಅಪೋಲೋ ನೌಕೆಯ ಪುಟ್ಟ ಕಂಪ್ಯೂಟರಿನಲ್ಲಿ ಬಳಕೆಯಾಯಿತು. ಇಂದಿಗೂ ಅತಿ ಹೆಚ್ಚು ಬಳಕೆಯಲ್ಲಿರುವ ಅರೇಖೀಯ ಫಿಲ್ಟರುಗಳಲ್ಲಿ ಇದೂ ಒಂದು.

ಅಂದಾಜು ಸತ್ಯಕ್ಕೆ ಸಮೀಪವಿರುವವರೆಗೆ ಇದು ಚೆನ್ನಾಗಿ ನಡೆಯುತ್ತದೆ, ದೂರವಾದರೆ ಎಡವುತ್ತದೆ. ಜಲಾಂತರ್ಗಾಮಿಯೊಂದು ತಾನು ಸದ್ದು ಮಾಡದೆ, ಶತ್ರುನೌಕೆಯ ಎಂಜಿನ್ ಸದ್ದನ್ನು ಮಾತ್ರ ಆಲಿಸುವ ಸನ್ನಿವೇಶ ಇದಕ್ಕೆ ಪ್ರಸಿದ್ಧ ನಿದರ್ಶನ. ಸದ್ದು ಯಾವ ದಿಕ್ಕಿನಿಂದ ಬಂತು ಎಂಬುದಷ್ಟೇ ತಿಳಿಯುತ್ತದೆ. ಎಷ್ಟು ದೂರದಿಂದ ಎಂಬುದು ತಿಳಿಯುವುದಿಲ್ಲ. ಎರಡೂ ನೌಕೆಗಳು ನೇರದಾರಿಯಲ್ಲಿ ಒಂದೇ ವೇಗದಿಂದ ಸಾಗುತ್ತಿರುವವರೆಗೆ ಹತ್ತಿರದ ನಿಧಾನ ನೌಕೆ ಯಾವುದು, ದೂರದ ವೇಗದ ನೌಕೆ ಯಾವುದು ಎಂದು ದಿಕ್ಕಿನಿಂದ ಮಾತ್ರ ಪ್ರತ್ಯೇಕಿಸಲಾಗದು. ಆಲಿಸುವ ನೌಕೆ ತಾನೇ ಪಥ ಬದಲಿಸಿದರೆ ಮಾತ್ರ ದೂರ ಗೊತ್ತಾಗುತ್ತದೆ. ಇಂಥ ಸಂದರ್ಭದಲ್ಲಿ ವಿಸ್ತೃತ ಕಾಲ್ಮನ್ ಫಿಲ್ಟರ್ ತನ್ನ ಅನಿಶ್ಚಿತತೆಯನ್ನು ಅಕಾಲದಲ್ಲಿ ಕುಗ್ಗಿಸಿಕೊಂಡು ದಾರಿ ತಪ್ಪುವುದನ್ನು ವಿನ್ಸೆಂಟ್ ಐಡಾಲ 1979ರ ಪ್ರಬಂಧದಲ್ಲಿ ವಿಶ್ಲೇಷಿಸಿದರು. ದೂರದ ಬಗ್ಗೆ ಏನೂ ತಿಳಿಯದ ಹಂತದಲ್ಲೇ ಫಿಲ್ಟರ್ ತನಗೆ ತಿಳಿದಿದೆಯೆಂದು ಭಾವಿಸುವುದೇ ಈ ವೈಫಲ್ಯದ ಮೂಲ.

ಮಂಗಳೂರಿನ ಗಣಿತಜ್ಞನ ಸೂತ್ರ

ನೇರಗೊಳಿಸದೆ, ಸಮಸ್ಯೆಯನ್ನು ಅದರ ಪೂರ್ಣ ರೂಪದಲ್ಲೇ ಬಿಡಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಗಣಿತಜ್ಞರು ಅದೇ ಕಾಲದಲ್ಲಿ ಕೈಗೆತ್ತಿಕೊಂಡಿದ್ದರು. ಸೋವಿಯತ್ ಒಕ್ಕೂಟದ ರುಸ್ಲಾನ್ ಸ್ಟ್ರಾಟೊನೊವಿಚ್ 1960ರ ಆಸುಪಾಸಿನಲ್ಲಿ, ಅಮೆರಿಕದ ಹೆರಾಲ್ಡ್ ಕುಷ್ನರ್ 1960ರ ದಶಕದಲ್ಲಿ, ಇಸ್ರೇಲಿನ ಮೋಶೆ ಝಕಾಯಿ 1969ರಲ್ಲಿ ಇದರ ಮೂಲ ಸಮೀಕರಣಗಳನ್ನು ಕೊಟ್ಟರು.

ಈ ಸಾಲಿನಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ ಹೆಸರೂ ಇದೆ. 1925ರಲ್ಲಿ ಮಂಗಳೂರಿನಲ್ಲಿ ಜನಿಸಿದ ಗೋಪಿನಾಥ್ ಕಲ್ಯಾಣಪುರ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು. ಅವರು ಷಾರ್ಲಟ್ ಸ್ಟ್ರೀಬೆಲ್ ಅವರೊಡನೆ 1968ರಲ್ಲಿ ಪ್ರಕಟಿಸಿದ ಫಲಿತಾಂಶ 'ಕಲ್ಯಾಣಪುರ–ಸ್ಟ್ರೀಬೆಲ್ ಸೂತ್ರ' ಎಂದೇ ವಿಶ್ವದಾದ್ಯಂತ ಪಠ್ಯಗಳಲ್ಲಿ ಸ್ಥಾನ ಪಡೆದಿದೆ. ಜಪಾನಿನ ಫುಜಿಸಾಕಿ ಮತ್ತು ಕುನಿಟ ಅವರೊಡನೆ 1972ರಲ್ಲಿ ಅವರು ನೀಡಿದ ಸಮೀಕರಣವೂ ಈ ಕ್ಷೇತ್ರದ ಆಧಾರಗಳಲ್ಲೊಂದು. 1976ರಿಂದ ಕೆಲವು ವರ್ಷ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ನಿರ್ದೇಶಕರಾಗಿದ್ದ ಅವರು, ಫಿಲ್ಟರಿಂಗ್ ಸಿದ್ಧಾಂತದ ಕುರಿತ ತಮ್ಮ ಗ್ರಂಥವನ್ನು 1980ರಲ್ಲಿ ಪ್ರಕಟಿಸಿದರು. 2015ರಲ್ಲಿ ನಿಧನರಾದರು.

ಸೂತ್ರದ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು. ಗುರಿ ಹಿಡಿದಿರಬಹುದಾದ ಎಲ್ಲ ಹಾದಿಗಳನ್ನೂ ಊಹಿಸಿಕೊಳ್ಳಬೇಕು. ಈವರೆಗೆ ಬಂದ ಅಳತೆಗಳಿಗೆ ಪ್ರತಿಯೊಂದು ಹಾದಿಯೂ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದಕ್ಕೆ ತಕ್ಕ ತೂಕ ಕೊಡಬೇಕು. ಆ ತೂಕಗಳ ಪ್ರಕಾರ ಸರಾಸರಿ ತೆಗೆದು, ಒಟ್ಟು ತೂಕದಿಂದ ಭಾಗಿಸಬೇಕು. ಬರುವ ಉತ್ತರವೇ ಲಭ್ಯ ಮಾಹಿತಿಯಿಂದ ಪಡೆಯಬಹುದಾದ ಅತ್ಯುತ್ತಮ ಅಂದಾಜು.

ಸಿದ್ಧಾಂತ ಪೂರ್ಣವಾಗಿತ್ತು, ಬಳಕೆ ಮಾತ್ರ ಕಠಿಣವಾಗಿತ್ತು. ಹಾದಿಗಳು ಅಸಂಖ್ಯ. ಉತ್ತರ ಒಂದೆರಡು ಸಂಖ್ಯೆಗಳಲ್ಲಿ ಮುಗಿಯುವುದಿಲ್ಲ. ಸಂಭವನೀಯತೆಯ ಇಡೀ ನಕಾಶೆಯನ್ನೇ ಕ್ಷಣಕ್ಷಣಕ್ಕೂ ತಿದ್ದಬೇಕಾಗುತ್ತದೆ. ವಾಕ್ಲಾವ್ ಬೆನೆಷ್ 1981ರಲ್ಲಿ ತೋರಿಸಿದಂಥ ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ ಚಿಕ್ಕ, ನಿಖರವಾದ ಪರಿಹಾರ ದೊರೆಯುವುದಿಲ್ಲ. ನಕಾಶೆಯನ್ನು ಚೌಕಗಳಾಗಿ ವಿಭಜಿಸೋಣವೆಂದರೆ ಮೂರು ಆಯಾಮದ ಸ್ಥಾನ ಮತ್ತು ಮೂರು ಆಯಾಮದ ವೇಗ ಸೇರಿ ಆರು ಆಯಾಮಗಳಾಗುತ್ತವೆ. ಪ್ರತಿಯೊಂದನ್ನು 100 ಭಾಗ ಮಾಡಿದರೂ ಚೌಕಗಳ ಸಂಖ್ಯೆ 1 ಲಕ್ಷ ಕೋಟಿಗೆ ಮುಟ್ಟುತ್ತದೆ. ಆಯಾಮ ಹೆಚ್ಚಿದಂತೆ ಲೆಕ್ಕ ಸ್ಫೋಟಗೊಳ್ಳುವ ಈ ತೊಡಕನ್ನು ರಿಚರ್ಡ್ ಬೆಲ್‌ಮನ್ 'ಆಯಾಮಗಳ ಶಾಪ' ಎಂದು ಕರೆದಿದ್ದರು.

ಸಾವಿರ ಊಹೆಗಳ ಓಟ

ಶಾಪದಿಂದ ಭಾಗಶಃ ವಿಮೋಚನೆ ದೊರೆತದ್ದು 1990ರ ದಶಕದಲ್ಲಿ. ಬ್ರಿಟನ್ನಿನ ನೀಲ್ ಗಾರ್ಡನ್, ಡೇವಿಡ್ ಸಾಲ್ಮಂಡ್ ಮತ್ತು ಏಡ್ರಿಯನ್ ಸ್ಮಿತ್ 1993ರಲ್ಲಿ ಪ್ರಕಟಿಸಿದ ಪ್ರಬಂಧ ಇಂದು 'ಕಣ ಫಿಲ್ಟರ್' ಎಂದು ಪರಿಚಿತವಾಗಿರುವ ವಿಧಾನಕ್ಕೆ ನಾಂದಿ ಹಾಡಿತು. ದಿಕ್ಕು ಮಾತ್ರ ತಿಳಿದಿರುವ ಗುರಿಯ ಸಮಸ್ಯೆಯನ್ನೇ ಅದು ಉದಾಹರಣೆಯಾಗಿ ತೆಗೆದುಕೊಂಡಿತ್ತು.

ಜಾತ್ರೆಯಲ್ಲಿ ಕೈತಪ್ಪಿದ ಮಗುವನ್ನು ಹುಡುಕಲು ಒಬ್ಬನನ್ನೇ ಕಳುಹಿಸುವ ಬದಲು ಸಾವಿರ ಮಂದಿಯನ್ನು ಸಾವಿರ ದಿಕ್ಕಿಗೆ ಕಳುಹಿಸಿದಂತೆ ಈ ವಿಧಾನ ಕೆಲಸ ಮಾಡುತ್ತದೆ. ಪ್ರತಿಯೊಂದು 'ಕಣ'ವೂ ಗುರಿಯ ಸ್ಥಾನ ಮತ್ತು ವೇಗದ ಒಂದು ಊಹೆ. ಚಲನೆಯ ನಿಯಮಕ್ಕೆ ಸ್ವಲ್ಪ ಆಕಸ್ಮಿಕತೆಯನ್ನು ಬೆರೆಸಿ ಎಲ್ಲ ಕಣಗಳನ್ನೂ ಮುಂದೆ ಓಡಿಸಲಾಗುತ್ತದೆ. ಅಳತೆ ಬಂದಾಗ ಅದಕ್ಕೆ ಹೊಂದುವ ಕಣಗಳಿಗೆ ಹೆಚ್ಚು ತೂಕ, ಹೊಂದದವಕ್ಕೆ ಕಡಿಮೆ ತೂಕ ದೊರೆಯುತ್ತದೆ. ತೂಕ ಕಳೆದುಕೊಂಡವನ್ನು ಕೈಬಿಟ್ಟು, ತೂಕದ ಕಣಗಳನ್ನು ದ್ವಿಗುಣಗೊಳಿಸಿ ಮತ್ತೆ ಓಟ ಮುಂದುವರಿಸಲಾಗುತ್ತದೆ. ಕಲ್ಯಾಣಪುರ–ಸ್ಟ್ರೀಬೆಲ್ ಸೂತ್ರ ಕಾಗದದ ಮೇಲೆ ಹೇಳಿದ್ದನ್ನೇ ಕಂಪ್ಯೂಟರ್ ಇಲ್ಲಿ ಕೆಲವು ಸಾವಿರ ಹಾದಿಗಳ ಮೂಲಕ ಮಾಡುತ್ತದೆ ಎಂದರೆ ತಪ್ಪಾಗದು.

ಇದರ ಮುಖ್ಯ ಲಾಭ, ಸಂಶಯದ ಆಕಾರ ಹೇಗಿದ್ದರೂ ಅದು ಹಾಗೆಯೇ ಉಳಿಯುತ್ತದೆ. ಬಾಳೆಹಣ್ಣಿನ ಆಕಾರವಿದ್ದರೆ ಕಣಗಳು ಬಾಳೆಹಣ್ಣಿನಂತೆಯೇ ಹರಡಿಕೊಳ್ಳುತ್ತವೆ. ವಾಹನವೊಂದು ಕವಲುದಾರಿಯಲ್ಲಿ ಎಡಕ್ಕೋ ಬಲಕ್ಕೋ ಹೋಗಿದ್ದರೆ ಕಣಗಳು ಎರಡು ಗುಂಪುಗಳಾಗುತ್ತವೆ. ಹಳೆಯ ಫಿಲ್ಟರ್ ಎರಡರ ಸರಾಸರಿ ತೆಗೆದು, ರಸ್ತೆಯೇ ಇಲ್ಲದ ನಡುವಿನ ಹೊಲದಲ್ಲಿ ವಾಹನವನ್ನು ನಿಲ್ಲಿಸುತ್ತಿತ್ತು.

ಇದೇ ದಶಕದಲ್ಲಿ ಆಕ್ಸ್‌ಫರ್ಡಿನ ಸೈಮನ್ ಜೂಲಿಯರ್ ಮತ್ತು ಜೆಫ್ರಿ ಉಲ್‌ಮನ್ ಮಧ್ಯಮಮಾರ್ಗವೊಂದನ್ನು ರೂಪಿಸಿದರು. 'ಅನ್‌ಸೆಂಟೆಡ್' ಎಂಬ ಹೆಸರಿನ ಆ ಫಿಲ್ಟರ್, ಜಾಣತನದಿಂದ ಆಯ್ದ ಕೆಲವೇ ಬಿಂದುಗಳನ್ನು ಬಾಗಿದ ಸಂಬಂಧದ ಮೂಲಕ ಹಾಯಿಸಿ ಸರಾಸರಿ ಮತ್ತು ಹರಹನ್ನು ಲೆಕ್ಕ ಹಾಕುತ್ತದೆ. ಆರು ಆಯಾಮಗಳಿಗೆ ಸಾಮಾನ್ಯವಾಗಿ 13 ಬಿಂದುಗಳು ಸಾಕು. ಕೆನಡಾದ ಅರಸರತ್ನಂ ಮತ್ತು ಸೈಮನ್ ಹೇಕಿನ್ 2009ರಲ್ಲಿ ಇದಕ್ಕೆ ಸಮೀಪದ 'ಕ್ಯುಬೇಚರ್' ಫಿಲ್ಟರನ್ನು ಪ್ರಕಟಿಸಿದರು. ಆದರೆ ಸಂಶಯ ಎರಡು ಗುಂಪುಗಳಾಗಿ ಒಡೆದಾಗ ಇವೂ ಸರಾಸರಿಯ ಬಲೆಗೆ ಬೀಳುತ್ತವೆ.

ಯಾವ ಚುಕ್ಕೆ ಯಾರದ್ದು?

ಒಂದೇ ಗುರಿ, ಒಂದೇ ಅಳತೆ ಎಂಬುದು ಪಾಠದ ಸನ್ನಿವೇಶ. ನಿಜವಾದ ರೇಡಾರಿಗೆ ಏಕಕಾಲಕ್ಕೆ ಅನೇಕ ಚುಕ್ಕೆಗಳು ಕಾಣುತ್ತವೆ. ಕೆಲವು ಗುರಿಯವು, ಕೆಲವು ಗದ್ದಲದವು. ಯಾವ ಚುಕ್ಕೆ ಯಾವ ಗುರಿಯದ್ದು ಎಂಬ ನಿರ್ಣಯವೂ ಫಿಲ್ಟರಿನ ಹೊಣೆಯೇ. ಇದಕ್ಕಾಗಿ ಮುನ್ನಂದಾಜಿನ ಸುತ್ತ 'ಗೇಟ್' ಎಂಬ ಕಿಟಕಿಯನ್ನು ತೆರೆದು, ಅದರೊಳಗೆ ಬಿದ್ದ ಚುಕ್ಕೆಗಳನ್ನು ಮಾತ್ರ ಪರಿಗಣಿಸಲಾಗುತ್ತದೆ. ಯಾಕೋವ್ ಬಾರ್-ಶಾಲೋಮ್ ಮತ್ತು ಎಡಿಸನ್ ತ್ಸೆ 1975ರಲ್ಲಿ, ಕಿಟಕಿಯೊಳಗಿನ ಎಲ್ಲ ಚುಕ್ಕೆಗಳಿಗೂ ಅವುಗಳ ಸಂಭವನೀಯತೆಗೆ ತಕ್ಕ ಪಾಲು ಕೊಡುವ ವಿಧಾನವನ್ನು ಮಂಡಿಸಿದರು. ಡೊನಾಲ್ಡ್ ರೀಡ್ 1979ರಲ್ಲಿ, ಹಲವು ಊಹೆಗಳನ್ನು ಸಮಾನಾಂತರವಾಗಿ ಜೀವಂತವಿಟ್ಟು ನಿರ್ಣಯವನ್ನು ಮುಂದೂಡುವ ಮಾರ್ಗ ತೋರಿಸಿದರು. ವಿಮಾನ ನೇರ ಸಾಗುತ್ತಿದೆಯೋ ತಿರುಗುತ್ತಿದೆಯೋ ಎಂಬ ಸಂಶಯಕ್ಕೆ, ಎರಡೂ ಮಾದರಿಗಳನ್ನು ಒಟ್ಟಿಗೆ ಓಡಿಸುವ ವಿಧಾನವನ್ನು ಹೆಂಕ್ ಬ್ಲೋಮ್ ಮತ್ತು ಬಾರ್-ಶಾಲೋಮ್ 1988ರಲ್ಲಿ ಪ್ರಕಟಿಸಿದರು.

ಕಿಟಕಿ ತಪ್ಪಾದ ಜಾಗದಲ್ಲಿ ತೆರೆದರೆ ಏನಾಗುತ್ತದೆ ಎಂಬುದಕ್ಕೆ ಕೊಲ್ಲಿ ಯುದ್ಧ ದಾರುಣ ಸಾಕ್ಷ್ಯ ಒದಗಿಸಿತು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಅಮೆರಿಕ ಸೈನಿಕರ ವಸತಿಗೆ ಬಡಿದು 28 ಮಂದಿ ಮೃತಪಟ್ಟರು. ರಕ್ಷಣೆಗಿದ್ದ ಪೇಟ್ರಿಯಟ್ ವ್ಯವಸ್ಥೆ ಪ್ರತಿಕ್ಷಿಪಣಿಯನ್ನು ಹಾರಿಸಲೇ ಇಲ್ಲ. ಕಾರಣ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯ 1992ರ ವರದಿಯಲ್ಲಿ ದಾಖಲಾಗಿದೆ. ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು. ಹತ್ತನೇ ಒಂದು ಎಂಬ ಭಿನ್ನರಾಶಿಯನ್ನು ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಪೂರ್ಣವಾಗಿ ಬರೆಯಲಾಗದು. 24 ಬಿಟ್‌ಗಳಿಗೆ ಕತ್ತರಿಸಿದಾಗ ಅತ್ಯಲ್ಪ ದೋಷ ಉಳಿಯುತ್ತದೆ. 100 ಗಂಟೆಗಳಿಗೂ ಹೆಚ್ಚು ಕಾಲ ನಿರಂತರ ಚಾಲನೆಯಲ್ಲಿದ್ದುದರಿಂದ ಆ ದೋಷ ಸುಮಾರು 0.34 ಸೆಕೆಂಡಿಗೆ ಬೆಳೆದಿತ್ತು. ಸ್ಕಡ್ ವೇಗಕ್ಕೆ ಇದು 600 ಮೀಟರಿಗೂ ಮೀರಿದ ಅಂತರ. ಕಿಟಕಿ ಅಷ್ಟು ದೂರ ಸರಿದಿದ್ದರಿಂದ ಕ್ಷಿಪಣಿ ಅದರೊಳಗೆ ಕಾಣಲಿಲ್ಲ. ತಿದ್ದಿದ ತಂತ್ರಾಂಶ ಧಹ್ರಾನ್ ತಲುಪಿದ್ದು ಮರುದಿನ.

ಇದು ಫಿಲ್ಟರಿಂಗ್ ಸಿದ್ಧಾಂತದ ಸೋಲಾಗಿರಲಿಲ್ಲ. ಅಂಕಿಯನ್ನು ಕತ್ತರಿಸಿದ್ದರ ಫಲ. ಆದರೂ ಅದರ ಪಾಠ ಈ ಕ್ಷೇತ್ರಕ್ಕೆ ನೇರವಾಗಿ ಅನ್ವಯಿಸುತ್ತದೆ. ಗಡಿಯಾರದ ದೋಷ ಗಂಟೆಗಂಟೆಗೂ ಬೆಳೆಯುತ್ತಿದ್ದರೂ ವ್ಯವಸ್ಥೆಯ ಆತ್ಮವಿಶ್ವಾಸ ಕುಗ್ಗಲಿಲ್ಲ; ಕಿಟಕಿ ಅಗಲವಾಗಲಿಲ್ಲ.

ಎಂಎಚ್370: ಏಳು ವರ್ತುಲಗಳ ಒಗಟು

ಇದಕ್ಕೆ ವ್ಯತಿರಿಕ್ತವಾಗಿ, ಸಂಶಯವನ್ನು ಸಂಪೂರ್ಣ ಲೆಕ್ಕಕ್ಕೆ ತೆಗೆದುಕೊಂಡ ಪ್ರಯತ್ನವೆಂದರೆ ಮಲೇಷ್ಯಾ ಏರ್‌ಲೈನ್ಸ್ ವಿಮಾನ ಎಂಎಚ್370ರ ಶೋಧ. 2014ರ ಮಾರ್ಚ್ 8ರಂದು 239 ಮಂದಿಯೊಂದಿಗೆ ಕೌಲಾಲಂಪುರದಿಂದ ಬೀಜಿಂಗ್‌ಗೆ ಹೊರಟ ವಿಮಾನ ಹಾದಿ ಬದಲಿಸಿ, ಸೇನಾ ರೇಡಾರಿನ ವ್ಯಾಪ್ತಿಯಿಂದಲೂ ಮರೆಯಾಯಿತು. ಅನಂತರದ ಗಂಟೆಗಳಿಗೆ ಉಳಿದ ಸುಳಿವೆಂದರೆ ಇನ್‌ಮಾರ್‌ಸ್ಯಾಟ್ ಉಪಗ್ರಹದೊಂದಿಗೆ ವಿಮಾನದ ಉಪಕರಣ ನಡೆಸಿದ ಚುಟುಕು ಸಂವಹನ ಮಾತ್ರ.

ಸಂಕೇತ ಹೋಗಿ ಬರಲು ಹಿಡಿದ ಸಮಯದಿಂದ ಉಪಗ್ರಹಕ್ಕೂ ವಿಮಾನಕ್ಕೂ ಇದ್ದ ದೂರ ತಿಳಿಯುತ್ತದೆ. ಒಂದೇ ದೂರದಲ್ಲಿರುವ ಬಿಂದುಗಳೆಲ್ಲ ಭೂಮಿಯ ಮೇಲೆ ಒಂದು ವರ್ತುಲವಾಗುತ್ತವೆ. ಹೀಗೆ ಏಳು ವರ್ತುಲಗಳು ದೊರೆತವು. ವಿಮಾನ ಮಧ್ಯ ಏಷ್ಯಾದತ್ತ ಉತ್ತರಕ್ಕೆ ಹೋಗಿರಬಹುದು, ಇಲ್ಲವೇ ಹಿಂದೂ ಮಹಾಸಾಗರದ ದಕ್ಷಿಣಕ್ಕೆ ಹೋಗಿರಬಹುದು; ದೂರವೊಂದರಿಂದಲೇ ಎರಡನ್ನೂ ಬೇರ್ಪಡಿಸಲಾಗದು. ಎರಡರ ಸರಾಸರಿಗೆ ಅರ್ಥವೇ ಇರಲಿಲ್ಲ. ಸಂಕೇತದ ಆವರ್ತನದಲ್ಲಿನ ಸೂಕ್ಷ್ಮ ವ್ಯತ್ಯಾಸ, ಅಂದರೆ ಡಾಪ್ಲರ್ ಪರಿಣಾಮ, ದಕ್ಷಿಣದ ಪರವಾಗಿ ಸಾಕ್ಷ್ಯ ನುಡಿಯಿತು.

ಆಸ್ಟ್ರೇಲಿಯಾದ ರಕ್ಷಣಾ ವಿಜ್ಞಾನ ಸಂಸ್ಥೆಯ ತಂಡ ಕಣ ಫಿಲ್ಟರ್ ಬಳಸಿ ವಿಮಾನ ಹಿಡಿದಿರಬಹುದಾದ ಹಾದಿಗಳನ್ನು ಓಡಿಸಿ, ಪ್ರತಿಯೊಂದನ್ನೂ ಉಪಗ್ರಹದ ದಾಖಲೆಗೆ ಹೋಲಿಸಿ ತೂಕ ಕೊಟ್ಟಿತು. 1993ರ ಪ್ರಬಂಧದ ನೀಲ್ ಗಾರ್ಡನ್ ಆ ತಂಡದಲ್ಲಿದ್ದರು. ಹಾದಿ ಗೊತ್ತಿದ್ದ ಹಿಂದಿನ ಹಾರಾಟಗಳ ದತ್ತಾಂಶದ ಮೇಲೆ ವಿಧಾನವನ್ನು ಮೊದಲೇ ಪರೀಕ್ಷಿಸಲಾಗಿತ್ತು. ಅವರ ವಿವರಣೆ 2016ರಲ್ಲಿ ಪುಸ್ತಕವಾಗಿ ಹೊರಬಂತು. ಉತ್ತರವಾಗಿ ಅವರು ಕೊಟ್ಟದ್ದು ಒಂದು ಬಿಂದುವನ್ನಲ್ಲ. ಏಳನೆಯ ವರ್ತುಲದ ಉದ್ದಕ್ಕೂ ಎಲ್ಲಿ ಎಷ್ಟು ಸಂಭವನೀಯತೆ ಎಂಬ ನಕಾಶೆಯನ್ನು.

ಸಾಗರತಳದ ಸುಮಾರು 1,20,000 ಚದರ ಕಿ.ಮೀ. ಶೋಧಿಸಿದ ಬಳಿಕ 2017ರ ಜನವರಿಯಲ್ಲಿ ಕಾರ್ಯಾಚರಣೆ ನಿಂತಿತು. 2018ರ ಖಾಸಗಿ ಶೋಧವೂ ವಿಮಾನದ ಒಡಲನ್ನು ಪತ್ತೆ ಮಾಡಲಿಲ್ಲ. ಅದಕ್ಕೂ ಮುನ್ನ, 2015ರ ಜುಲೈಯಲ್ಲಿ ವಿಮಾನದ ರೆಕ್ಕೆಯ ಭಾಗವೊಂದು ಆಫ್ರಿಕಾ ಸಮೀಪದ ರಿಯೂನಿಯನ್ ದ್ವೀಪದ ದಡ ಸೇರಿತ್ತು. ವಿಮಾನ ಹಿಂದೂ ಮಹಾಸಾಗರದಲ್ಲಿ ಕೊನೆಗೊಂಡಿತೆಂಬ ನಿರ್ಣಯಕ್ಕೆ ಅದು ಪುಷ್ಟಿ ನೀಡಿತು. ಬರಿಗೈಯಲ್ಲಿ ಮರಳಿದ ಶೋಧವೂ ಇಂಥ ನಕಾಶೆಗೆ ಒಂದು ಅಳತೆಯೇ. ಹುಡುಕಿದ ಜಾಗದ ತೂಕ ಇಳಿಯುತ್ತದೆ, ಹುಡುಕದ ಜಾಗದ ತೂಕ ಏರುತ್ತದೆ. 2016ರ ಕೊನೆಯಲ್ಲಿ ತಜ್ಞರು ಇದೇ ರೀತಿ ವಿಮರ್ಶಿಸಿ, ಶೋಧಿಸಿದ ಪ್ರದೇಶದ ಉತ್ತರಕ್ಕೆ ಸುಮಾರು 25,000 ಚದರ ಕಿ.ಮೀ. ವಲಯವನ್ನು ಸೂಚಿಸಿದ್ದರು.

ಪರೀಕ್ಷೆ ಮತ್ತು ಮಿತಿ

ಫಿಲ್ಟರ್ ತನ್ನ ಬಗ್ಗೆ ಹೇಳುವುದು ನಿಜವೇ ಎಂದು ತಿಳಿಯುವ ಬಗೆಯೂ ಇದೆ. ಪ್ರತಿ ಸುತ್ತಿನಲ್ಲಿ ಮುನ್ನಂದಾಜಿಗೂ ಬಂದ ಅಳತೆಗೂ ಇರುವ ಅಂತರವನ್ನು ದಾಖಲಿಸಬೇಕು. ಅದು ಸಾಮಾನ್ಯವಾಗಿ 100 ಮೀಟರ್ ಇರಬೇಕೆಂದು ಫಿಲ್ಟರ್ ಹೇಳಿಕೊಂಡು, ಮತ್ತೆ ಮತ್ತೆ 500 ಮೀಟರ್ ಬಂದರೆ ಅದರ ಆತ್ಮವಿಶ್ವಾಸ ಹುಸಿ. ಅಂತರ ಸದಾ ಒಂದೇ ದಿಕ್ಕಿಗೆ ವಾಲಿದರೆ ಚಲನೆಯ ಮಾದರಿಯೇ ತಪ್ಪು.

ಕಣ ಫಿಲ್ಟರಿಗೂ ಮಿತಿಗಳಿವೆ. ಆಯಾಮ ಹೆಚ್ಚಿದಂತೆ ತೂಕವೆಲ್ಲ ಒಂದೇ ಕಣದ ಪಾಲಾಗಿ, ಉಳಿದವು ನಿರರ್ಥಕವಾಗುತ್ತವೆ. ಲಕ್ಷಾಂತರ ಚರಾಂಶಗಳಿರುವ ಹವಾಮಾನ ಮುನ್ಸೂಚನೆಗೆ ಅದನ್ನು ನೇರವಾಗಿ ಬಳಸಲಾಗದು. ಅಲ್ಲಿ ಗೇರ್ ಎವೆನ್ಸನ್ 1994ರಲ್ಲಿ ಮಂಡಿಸಿದ, ಕಾಲ್ಮನ್ ಸೂತ್ರವನ್ನೇ ಹಲವು ಸಮಾನಾಂತರ ಲೆಕ್ಕಗಳೊಂದಿಗೆ ಜೋಡಿಸುವ ವಿಧಾನ ಬಳಕೆಯಲ್ಲಿದೆ.

ಬೆಂಗಳೂರಿಗೆ ಈ ವಿದ್ಯೆ ಹೊಸದಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆಯ ರೇಡಾರ್ ಅಭಿವೃದ್ಧಿ ಪ್ರಯೋಗಾಲಯ ಎಲ್‌ಆರ್‌ಡಿಇ, ರೇಡಾರುಗಳನ್ನು ತಯಾರಿಸುವ ಭಾರತ್ ಎಲೆಕ್ಟ್ರಾನಿಕ್ಸ್, ಉಪಗ್ರಹಗಳ ಜಾಡು ಹಿಡಿಯುವ ಇಸ್ರೋದ ಪೀಣ್ಯದ ಕೇಂದ್ರ ಇಸ್ಟ್ರಾಕ್ ಇಲ್ಲಿಯೇ ಇವೆ. ಉಪಗ್ರಹಕ್ಕೆ ಹಳೆಯ ರಾಕೆಟ್ಟಿನ ಚೂರು ಬಡಿಯಬಹುದೇ ಎಂಬ ಲೆಕ್ಕದಲ್ಲಿ ಚೂರಿನ ಸ್ಥಾನದಷ್ಟೇ ಆ ಸ್ಥಾನದ ಅನಿಶ್ಚಿತತೆಯೂ ನಿರ್ಣಾಯಕ. ಅನಿಶ್ಚಿತತೆಯನ್ನು ಕಡಿಮೆ ತೋರಿಸಿದರೆ ನಿಜವಾದ ಅಪಾಯ ಕಣ್ತಪ್ಪುತ್ತದೆ. ಹೆಚ್ಚು ತೋರಿಸಿದರೆ ಉಪಗ್ರಹವನ್ನು ಪದೇ ಪದೇ ಸರಿಸಿ ಅಮೂಲ್ಯ ಇಂಧನ ವ್ಯಯವಾಗುತ್ತದೆ.

ಸಾಮಾನ್ಯ ನಾಗರಿಕನಿಗೆ ಈ ವಿದ್ಯೆಯ ನಿತ್ಯದರ್ಶನ ಆಗುವುದು ಮೊಬೈಲ್ ಫೋನಿನ ನಕಾಶೆಯಲ್ಲಿ. ಉಪಗ್ರಹಗಳ ಸಂಕೇತ, ಮೊಬೈಲ್ ಗೋಪುರಗಳ ಸುಳಿವು, ಫೋನಿನೊಳಗಿನ ಚಲನ ಸಂವೇದಕಗಳ ಅಳತೆ ಎಲ್ಲವನ್ನೂ ಸೋಸಿ ಅದು ನೀಲಿ ಚುಕ್ಕೆಯೊಂದನ್ನು ತೋರಿಸುತ್ತದೆ. ಚುಕ್ಕೆಯ ಸುತ್ತ ಮಸುಕಾದ ವೃತ್ತವೂ ಇರುತ್ತದೆ. ಬಯಲಿನಲ್ಲಿ ಅದು ಕಿರಿದಾಗುತ್ತದೆ, ಎತ್ತರದ ಕಟ್ಟಡಗಳ ನಡುವೆ ಹಿರಿದಾಗುತ್ತದೆ. ಬಹುತೇಕರು ನೋಡುವುದು ಚುಕ್ಕೆಯನ್ನು ಮಾತ್ರ. ಅದನ್ನು ಎಷ್ಟು ನಂಬಬಹುದೆಂದು ತಿಳಿಸುವುದು ಆ ವೃತ್ತ.